ಬ್ರೇಕಿಗೆ ಹಚ್ಚಿದ ಎಣ್ಣೆ

ನನ್ನ ಬೈಕಿನಲ್ಲಿ ಕಂಪನಿಯವರು ಕೊಟ್ಟದ್ದು ಅಂತ ಈಗ ಉಳಿದಿರುವುದು ಚೌಕಟ್ಟು, ಇಂಜಿನ್ನು, ಪೆಟ್ರೋಲ್ ಟ್ಯಾಂಕು ಮತ್ತು ನಂಬರ್ ಪ್ಲೇಟು. ಮಿಕ್ಕದ್ದೆಲ್ಲ ನಾನು ಮೂರು ವರ್ಷಗಳಲ್ಲಿ ಒಂದೊಂದಾಗಿ ಬಿಚ್ಚಿ ಬದಲಿಸಿದ್ದು, ಕೆಲವನ್ನು ಎರಡೆರಡು ಸಲ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ಅದಕ್ಕೆ ಹೆಸರೇ ಬಿದ್ದಿದೆ: ಮಾಸ್ತರರ ಮುಗಿಯದ ಗಾಡಿ. ಸ್ಟಾಫ್ ರೂಮಿನವರು ಇದನ್ನು ಹುಚ್ಚು ಅಂದರು. ನನ್ನ ತಾಯಿ ಮರಾಠಿಯಲ್ಲಿ ಅದಕ್ಕಿಂತ ಖಾರವಾದ ಮಾತೊಂದನ್ನು ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಹಟಮಾರಿ, ಒಪ್ಪುತ್ತೇನೆ. ಆದರೆ ಹುಚ್ಚನಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು. ನನ್ನ ಹೆಂಡತಿ ಆ ಬೈಕಿನ ಹಿಂದೆ ಮತ್ತೆ ಕೂಡಬೇಕಾಗಿತ್ತು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವಳು ಅದೇ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾದ ಮೇಲೆ ಎಷ್ಟೋ ವರ್ಷ ಇಬ್ಬರೂ ಒಂದೇ ಗಾಡಿಯ ಮೇಲೆ ಕಲಬುರಗಿಯಿಂದ ಹೋಗಿ ಬಂದೆವು. ಮುಕ್ಕಾಲು ಗಂಟೆಯ ದಾರಿ. ನಮ್ಮಂಥ ಮನೆಗಳಲ್ಲಿ ಗಂಡ ಹೆಂಡತಿ ಸಮಾಧಾನವಾಗಿ ಮಾತಾಡುವುದಕ್ಕೆ ಜಾಗವಿರುವುದಿಲ್ಲ. ಒಂದು ಕಡೆ ದೇವರ ಮನೆಯಲ್ಲಿ ತಾಯಿಯ ಜಪ, ಇನ್ನೊಂದು ಕಡೆ ಹೇಳದೆ ಕೇಳದೆ ಬರುವ ನೆಂಟರು. ಹಾಗಾಗಿ ನಮ್ಮ ಸಂಸಾರದ ಮಾತೆಲ್ಲ ಆ ರಸ್ತೆಯ ಮೇಲೆಯೇ ಆಗುತ್ತಿತ್ತು. ಅವಳು ನನ್ನ ಬಲಗಿವಿಯ ಹಿಂದೆ ಮಾತಾಡುತ್ತಿದ್ದಳು, ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ನಾನು ಹೂಂಗುಡುತ್ತಿದ್ದೆ. ಮನೆಗೆ ಬಣ್ಣ ಯಾವುದು, ತಾಯಿಯ ಕಣ್ಣಿನ ಆಪರೇಷನ್ ಯಾವಾಗ, ಮಗಳಿಗೆ ಯಾವ ಕಾಲೇಜು, ಎಲ್ಲ ತೀರ್ಮಾನವಾದದ್ದು ಆ ಸೀಟಿನ ಮೇಲೆ.

ಒಮ್ಮೆ ಇಬ್ಬರೂ ಗಾಡಿಯಿಂದ ಬಿದ್ದೆವು, ಆಮೇಲೆ ಅವಳು ಬಸ್ಸು ಹಿಡಿದಳು. ಬೆಳಿಗ್ಗೆ ಇಬ್ಬರೂ ಒಂದೇ ಹೊಸ್ತಿಲು ದಾಟಿ ಹೊರಡುತ್ತಿದ್ದೆವು. ಅವಳು ಡಬ್ಬಿ ಹಿಡಿದು ಆಟೋ ಕಡೆಗೆ, ನಾನು ಹೆಲ್ಮೆಟ್ ಹಿಡಿದು ಗಾಡಿ ಕಡೆಗೆ. ಎಷ್ಟೋ ಸಲ ದಾರಿಯಲ್ಲಿ ಅವಳ ಬಸ್ಸಿನ ಹಿಂದೆಯೇ ನಾನಿರುತ್ತಿದ್ದೆ, ಹಿಂದಿನ ಗಾಜಿನಲ್ಲಿ ಅವಳ ತುರುಬು ಕಾಣುತ್ತಿತ್ತು. ಓವರ್‌ಟೇಕ್ ಮಾಡಲು ಮನಸ್ಸಾಗುತ್ತಿರಲಿಲ್ಲ. ಬಸ್ಸಿನ ಹೊಗೆ ಕುಡಿಯುತ್ತ ಕಮಲಾಪುರ ಮುಟ್ಟುತ್ತಿದ್ದೆ.

ಬಿದ್ದದ್ದು ದಸರೆಯ ದಿನ. ಅದರ ಹಿಂದಿನ ದಿನದಿಂದಲೇ ಹೇಳಬೇಕು, ಯಾಕೆಂದರೆ ತಪ್ಪು ಆಗಿದ್ದು ಆ ದಿನ.

ಆಯುಧ ಪೂಜೆಗೆ ನಮ್ಮ ಕಡೆ ಖಾಂಡೇ ನವಮಿ ಅನ್ನುತ್ತೇವೆ. ಅಂದು ಓಣಿಯ ಗಂಡಸರೆಲ್ಲ ಪಂಚೆ ಮೇಲಕ್ಕೆ ಕಟ್ಟಿಕೊಂಡು ಗಾಡಿ ತೊಳೆಯುತ್ತಾರೆ. ತೊಳೆದರೆ ಸಾಲದು, ಹೊಳೆಯಬೇಕು. ಅದಕ್ಕೆ ಒಂದು ರೂಢಿ ಇದೆ: ಸೀಮೆಎಣ್ಣೆಗೆ ಒಂದಿಷ್ಟು ಇಂಜಿನ್ ಆಯಿಲ್ ಬೆರೆಸಿ, ಹಳೆಯ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಬ್ಬಿಣ ಕಂಡಲ್ಲೆಲ್ಲ ಒರೆಸುವುದು. ರಿಮ್ಮು, ಕಡ್ಡಿ, ಸೈಲೆನ್ಸರು, ಸ್ಟ್ಯಾಂಡು. ನಾನೂ ಒರೆಸಿದೆ. ಮುಂದಿನ ಗಾಲಿಯ ಡಿಸ್ಕ್ ಬ್ರೇಕಿನ ತಟ್ಟೆ ಸ್ವಲ್ಪ ತುಕ್ಕು ಹಿಡಿದಿತ್ತು. ಪೂಜೆಗೆ ಕೂಡಿಸಿದ ಗಾಡಿಯಲ್ಲಿ ತುಕ್ಕು ಇರಬಾರದಲ್ಲ. ಎರಡೂ ಬದಿ ತಿಕ್ಕಿದೆ, ನನ್ನ ಮೀಸೆ ಅದರಲ್ಲಿ ಕಾಣುವವರೆಗೆ.

ಅದಕ್ಕೆ ಹದಿನೈದು ದಿನ ಹಿಂದೆ ಒಂಬತ್ತನೆಯ ತರಗತಿಗೆ ನಾನೇ ಉಕ್ತಲೇಖನ ಕೊಟ್ಟಿದ್ದೆ: ಎರಡು ಮೇಲ್ಮೈಗಳ ನಡುವೆ ಎಣ್ಣೆ ಹಚ್ಚಿದರೆ ಘರ್ಷಣೆ ಕಡಿಮೆಯಾಗುತ್ತದೆ. ಓಣಿಯ ಕಿರಾಣಿ ಅಂಗಡಿಯವನು ಬ್ರೇಕಿನ ತಟ್ಟೆಗೆ ಎಣ್ಣೆ ಹಚ್ಚಿದ್ದರೆ ಪಾಪ, ಗೊತ್ತಿಲ್ಲ ಅನ್ನಬಹುದು. ನಾನು ಹಚ್ಚಿದೆ. ಅದರ ಮೇಲೆ ಗಂಧ, ಅರಿಶಿನ, ಕುಂಕುಮ, ಚೆಂಡು ಹೂವಿನ ಹಾರ.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಬನ್ನಿ ಕೊಡಲು ಕಮಲಾಪುರದಲ್ಲಿರುವ ಅವಳ ಸೋದರಮಾವನ ಮನೆಗೆ ಹೊರಟೆವು. ಊರೊಳಗೆ ಕಾಲಿನ ಬ್ರೇಕೇ ನಮಗೆಲ್ಲ ಅಭ್ಯಾಸ. ಶರಣಬಸವೇಶ್ವರ ಗುಡಿಯ ಹತ್ತಿರ ಜನ ಬಹಳ ಇದ್ದರು, ಅಲ್ಲೊಮ್ಮೆ ಕೈಯ ಬ್ರೇಕು ಹಿಡಿದೆ. ಸಾಬೂನಿನ ಮೇಲೆ ಕೈಯಿಟ್ಟಂತೆ ಜಾರಿತು. ಹೊಸ ಹೊಳಪು, ಹತ್ತು ಸಲ ಹಿಡಿದರೆ ಹೋಗುತ್ತದೆ ಅಂದುಕೊಂಡೆ. ಹಿಂದೆ ಅವಳು ಚೀಲದಲ್ಲಿ ಬನ್ನಿ ಎಲೆ ಬಾಡುತ್ತದೆ, ಬೇಗ ನಡೆಯಿರಿ ಅನ್ನುತ್ತಿದ್ದಳು.

ಕಮಲಾಪುರ ಇನ್ನೇನು ಬಂತು ಅನ್ನುವಲ್ಲಿ ರಸ್ತೆ ಇಳಿಜಾರು. ಒಬ್ಬ ಗಂಡಸು, ಅವನ ಹೆಂಡತಿ, ಹತ್ತು ಹನ್ನೆರಡು ಆಡುಗಳನ್ನು ರಸ್ತೆ ದಾಟಿಸುತ್ತಿದ್ದರು. ದೂರದಿಂದಲೇ ಕಂಡಿತ್ತು. ನಾವು ಹತ್ತಿರ ಬರುವಷ್ಟರಲ್ಲಿ ಎಲ್ಲವೂ ದಾಟಿದ್ದವು, ಕೊನೆಯದೊಂದು ಆ ಕಡೆಯ ಅಂಚಿನಲ್ಲಿ ಎಲೆ ಕಡಿಯುತ್ತಿತ್ತು. ಆದರೂ ವೇಗ ತಗ್ಗಿಸಲು ಕೈಯ ಬ್ರೇಕು ಹಿಡಿದೆ. ವೇಗ ತಗ್ಗಲಿಲ್ಲ. ಗಾಬರಿಯಾಗಿ ಕಾಲಿನ ಬ್ರೇಕು ತುಳಿದೆ, ಹಿಂದಿನ ಗಾಲಿ ಬಿಗಿದು ಜಾರಿತು, ನಾವು ತಗ್ಗಿನಲ್ಲಿ ಬಿದ್ದೆವು. ನನಗೆ ಮೊಣಕೈ ತರಚಿತು, ಅಷ್ಟೇ. ಅವಳ ಮಣಿಕಟ್ಟು ಮತ್ತು ಹೆಗಲಿನ ಎಲುಬು ಮುರಿದವು. ಹೆಗಲೊಳಗೆ ಈಗಲೂ ಉಕ್ಕಿನ ಪಟ್ಟಿ ಇದೆ, ಚಳಿಗಾಲದಲ್ಲಿ ನೋಯುತ್ತದೆ.

ಜನ ಕೂಡಿದರು. ಏನಾಯಿತು ಅಂತ ಯಾರೋ ಕೇಳಿದರು. ನಾನು, "ಆಡು ಅಡ್ಡ ಬಂತು," ಅಂದೆ.

ಯೋಚಿಸಿ ಅಂದದ್ದಲ್ಲ, ಬಾಯಿಗೆ ಬಂತು. ಆದರೆ ಆಮೇಲೆ ವಾಪಸು ತೆಗೆದುಕೊಳ್ಳಲೂ ಇಲ್ಲ. ಜನ ಆ ಮನುಷ್ಯನನ್ನು ಹಿಡಿದು ಬಾಯಿಗೆ ಬಂದಂತೆ ಬೈದರು. ಅವನು ಕೈ ಮುಗಿದು ನಿಂತ. ಅವನ ಹೆಂಡತಿ ಏನೋ ಹೇಳಲು ಮುಂದೆ ಬಂದಳು, ಯಾರೋ ಗದರಿಸಿದರು. ನಾನು ನನ್ನ ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಆ ಮನುಷ್ಯ ಬಸ್ಸು ಹತ್ತಿ ಕಲಬುರಗಿಯ ಆಸ್ಪತ್ರೆಗೆ ಬಂದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು. ಒಳಗೆ ಬಾ ಅಂದರೂ ಬರಲಿಲ್ಲ, ವಾರ್ಡಿನ ಬಾಗಿಲಲ್ಲೇ ನಿಂತು ಹಣ್ಣನ್ನು ಹೊಸ್ತಿಲ ಪಕ್ಕ ಇಟ್ಟ. "ನಮ್ಮ ಆಡಿನಿಂದ ತಾಯಿಗಿ ಹಿಂಗ ಆಯ್ತು. ತಪ್ಪಾಯ್ತ್ರಿ ಮಾಸ್ತರ," ಅಂದ.

ನಾನು, "ಇರ್ಲಿ ಬಿಡಪ್ಪ," ಅಂದೆ. ಅವನನ್ನು ಕ್ಷಮಿಸಿದೆ. ಆ ದೊಡ್ಡಸ್ತಿಕೆ ನೆನಪಾದರೆ ಈಗಲೂ ನನ್ನ ಕಿವಿ ಸುಡುತ್ತದೆ. ಹೆಂಡತಿ ಮಂಚದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ನೋವಿರಬೇಕು ಅಂದುಕೊಂಡೆ.

ಗಾಡಿಯನ್ನು ಕಪನೂರಿಗೆ ಒಯ್ದೆ. ಅಲ್ಲಿ ಕಾರ್ಖಾನೆಗಳ ಸಾಲಿನ ಕೊನೆಗೆ ಒಬ್ಬ ಮಿಸ್ತ್ರಿ ಇದ್ದಾನೆ. ಲೇತು, ವೆಲ್ಡಿಂಗು, ಬೈಕು ರಿಪೇರಿ ಮೂರೂ ಮಾಡುತ್ತಾನೆ, ಅರ್ಧ ಕನ್ನಡ ಅರ್ಧ ಉರ್ದು ಮಾತಾಡುತ್ತಾನೆ, ಅದೂ ದಿನಕ್ಕೆ ನಾಲ್ಕು ಮಾತು. ಅವನು ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಟ್ಟೆಯ ಮೇಲೆ ಬೆರಳಾಡಿಸಿದ, ಬೆರಳನ್ನು ಮೂಸಿದ, ತಲೆಯೆತ್ತಿ ನನ್ನನ್ನು ನೋಡಿದ. ನಾನು ಹೊರಗಿನ ಲಾರಿ ನೋಡಿದೆ. ಅವನು ಪೆಟ್ರೋಲಿನಲ್ಲಿ ತಟ್ಟೆ ಒರೆಸಿ, ಬಾಗಿದ ಹ್ಯಾಂಡಲ್ಲು ಬಿಚ್ಚತೊಡಗಿದ. ಏನೂ ಕೇಳಲಿಲ್ಲ.

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ಗಾಡಿ ಎಷ್ಟು ಸುರಕ್ಷಿತವಾದರೆ ಅವಳು ಕೂಡುತ್ತಾಳೆ ಅನ್ನುವುದೇ ನನ್ನ ಪ್ರಶ್ನೆ. ವಿಜ್ಞಾನದ ಮಾಸ್ತರ, ಪ್ರಶ್ನೆಗೆ ಉತ್ತರ ಇದ್ದೇ ಇದೆ ಅಂತ ನಂಬಿದವನು. ಮೊದಲು ಮುಂದಿನ ತಟ್ಟೆ ದೊಡ್ಡದು ಹಾಕಿಸಿದೆ. ಆಮೇಲೆ ಅಗಲವಾದ ಟಯರು. ಆಮೇಲೆ ಹಿಂದಿನ ಗಾಲಿಗೂ ಡಿಸ್ಕ್ ಬ್ರೇಕು ಬೇಕೆಂದು ಹಟ ಹಿಡಿದೆ. ನನ್ನ ಗಾಡಿಗೆ ಅದು ಬರುವುದಿಲ್ಲ, ಬೇರೆ ಗಾಡಿಯ ಗಾಲಿ ತಂದು ಕೂಡಿಸಬೇಕು, ಬ್ರೇಕು ಹಿಡಿದುಕೊಳ್ಳುವ ಒಂದು ಉಕ್ಕಿನ ಕೊಂಡಿಯನ್ನು ಹೊಸದಾಗಿ ಮಾಡಬೇಕು. ಮಿಸ್ತ್ರಿ ಆಗುವುದಿಲ್ಲ ಅನ್ನಲಿಲ್ಲ. ಅವನ ಪದ್ಧತಿಯೇ ಬೇರೆ. ಯಾವುದನ್ನೂ ಮೊದಲು ಕಬ್ಬಿಣದಲ್ಲಿ ಮಾಡುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಒಂದು ಡಬ್ಬಿ ತುಂಬ ಇಟ್ಟಿದ್ದಾನೆ, ಅದರಲ್ಲಿ ಕತ್ತರಿಸಿ, ಗಾಡಿಗೆ ಹಿಡಿದು ನೋಡಿ, ಮತ್ತೆ ಕತ್ತರಿಸಿ, ಕಾಗದ ಸರಿಯಾಗಿ ಕೂತ ಮೇಲೆಯೇ ಉಕ್ಕಿಗೆ ಕೈ ಹಾಕುತ್ತಾನೆ. ನಾನು ಗ್ರಾಫ್ ಹಾಳೆಯ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ನಕ್ಷೆ ಬರೆದು ಒಯ್ದಿದ್ದೆ. ಅದನ್ನು ಗೌರವದಿಂದ ತೆಗೆದುಕೊಂಡು, ಅದರ ಮೇಲೆ ಚಹಾದ ಕಪ್ಪು ಇಟ್ಟ. ಯಾರದೋ ಮದುವೆಯ ಗಣಪತಿ ಚಿತ್ರ ಅರ್ಧ ಕತ್ತರಿಸಿಹೋದ ಕಾಗದವೇ ಕೊನೆಗೆ ನನ್ನ ಬ್ರೇಕಿನ ಅಳತೆಯಾಯಿತು. ಆರು ಭಾನುವಾರ ಹಿಡಿಯಿತು. ಬ್ರೇಕು ಹಿಡಿದರೆ ಗಾಡಿ ಹಿಡಿದ ಜಾಗದಲ್ಲೇ ನಿಂತಿತು.

ಅಂದು ಮನೆಗೆ ತಂದು ಹೆಂಡತಿಯನ್ನು ಹೊರಗೆ ಕರೆದು ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಛಲೋ ಆಗ್ಯಾದ," ಅಂದಳು. ಮರುದಿನ ಡಬ್ಬಿ ಹಿಡಿದು ಆಟೋ ಕಡೆಗೆ ನಡೆದಳು.

ಸರಿ, ಬ್ರೇಕಲ್ಲ, ಸೀಟಿರಬೇಕು ಅಂದುಕೊಂಡೆ. ನಮ್ಮ ಓಣಿಯ ಗಾದಿ ಹೊಲಿಯುವವನಿಂದ ಅಗಲವಾದ ಸೀಟು ಮಾಡಿಸಿದೆ, ಅವಳ ಹೆಗಲಿಗೆ ಆಸರೆಯಾಗಲೆಂದು ಹಿಂದೆ ಒಂದು ಒರಗು. ಅದರ ಎತ್ತರ ತಪ್ಪಿತು, ಮತ್ತೆ ಮಾಡಿಸಿದೆ. ಕಾಲಿಡುವ ಕಡ್ಡಿಯ ಬದಲು ಅಗಲ ಹಲಗೆ, ಎಡಗೈಯಲ್ಲಿ ಹಿಡಿಯಲು ಒಂದು ಹಿಡಿಕೆ, ಸೀರೆ ಗಾಲಿಗೆ ಸಿಗದಂತೆ ಉದ್ದನೆಯ ಜಾಲರಿ. ಹಿಂದಿನ ಸ್ಪ್ರಿಂಗು ಬದಲಿಸಿದೆ. ಅವಳ ತೂಕ ಎಷ್ಟು ಅಂತ ಕೇಳಲು ಧೈರ್ಯ ಸಾಲದೆ, ಜೋಳದ ಚೀಲ ಕಟ್ಟಿಕೊಂಡು ಹುಮನಾಬಾದ್ ರಸ್ತೆಯಲ್ಲಿ ಓಡಿಸಿ ನೋಡಿದೆ. ಜೋಳ ಆರಾಮಾಗಿ ಕೂತಿತ್ತು. ಹೊಸ ದೀಪ ಹಾಕಿಸಿದೆ, ಎದುರಿನ ಲಾರಿಯವರು ಬೈಯುವಷ್ಟು ಬೆಳಕು. ಪ್ರತಿ ಸಲವೂ ಅವಳು ಹೊರಗೆ ಬಂದಳು, ನೋಡಿದಳು, ಛಲೋ ಆಗ್ಯಾದ ಅಂದಳು. ಒಮ್ಮೆಯೂ ಬೇಡ ಅನ್ನಲಿಲ್ಲ, ಹೆದರಿಕೆ ಅನ್ನಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಷ್ಟೂ ಇನ್ನೊಂದು ಭಾಗ ಬಿಚ್ಚುತ್ತಿದ್ದೆ.

ಬಿದ್ದ ಮರು ವರ್ಷದ ಖಾಂಡೇ ನವಮಿಗೆ ಒಂದು ರಾದ್ಧಾಂತ ಆಯಿತು. ಗಾಡಿ ತೊಳೆದು ನಿಲ್ಲಿಸಿದ್ದೆ. ಅವಳು ಆರತಿ ತಟ್ಟೆಯ ಜೊತೆ ಹಳೆಯ ಬಟ್ಟೆಯನ್ನೂ ಎಣ್ಣೆಯ ಬಟ್ಟಲನ್ನೂ ತಂದು ಗಾಲಿಯ ಹತ್ತಿರ ಇಟ್ಟಳು, ಪ್ರತಿ ವರ್ಷ ಇಡುವ ಹಾಗೆ. ನಾನು ಆ ಬಟ್ಟಲನ್ನು ಒದ್ದೇಬಿಟ್ಟೆ. ಗಾಡಿಯ ಹತ್ತಿರ ಎಣ್ಣೆ ತರಬೇಡ ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಚೆಲ್ಲಿದ ಎಣ್ಣೆಯನ್ನು ನೋಡಿದಳು, ಬ್ರೇಕಿನ ತಟ್ಟೆಯನ್ನು ನೋಡಿದಳು, ಬೂದಿ ತಂದು ನೆಲ ಒರೆಸಿದಳು. ಹಬ್ಬದ ದಿನ ಯಾಕೆ ಹೀಗೆ ಅಂತ ತಾಯಿ ನನಗೆ ಬೈದರು. ನಾನು ಮುಖ ತೊಳೆದುಕೊಂಡು ಪೂಜೆಗೆ ಕೂತೆ.

ಇನ್ನೂ ಎರಡು ವರ್ಷ ಹೀಗೇ ನಡೆಯಿತು. ಈ ವರ್ಷ ಬೇಸಿಗೆ ರಜೆ ಶುರುವಾದ ಮೊದಲ ಭಾನುವಾರ ಮತ್ತೆ ಕಪನೂರಿಗೆ ಹೋದೆ. ಜೋರಾಗಿ ಬ್ರೇಕು ಹಿಡಿದರೂ ಗಾಲಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ ಹೊಸ ಗಾಡಿಗಳಲ್ಲಿ ಬರುತ್ತದಲ್ಲ, ಅದನ್ನು ನನ್ನದಕ್ಕೆ ಕೂಡಿಸಬೇಕು ಅಂದೆ. ಮಿಸ್ತ್ರಿ ಲೇತು ನಿಲ್ಲಿಸಿದ. ಕೈ ಒರೆಸಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ. ಆ ಲಗ್ನಪತ್ರಿಕೆ ಡಬ್ಬಿಯ ಕಡೆ ಕೈ ಚಾಚಲೇ ಇಲ್ಲ.

"ಬಸ್ ಕರೋ ಸರ್," ಅಂದ. "ಈ ಗಾಡಿಗಿ ಹಚ್ಚಾದು ಇನ್ನೇನೂ ಉಳದಿಲ್ಲ. ತಟ್ಟಿಗಿ ಎಣ್ಣಿ ಯಾರ್ ಹಚ್ಚ್ಯಾರ ಅಂತ ನಾ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ನಂಗ ಹೇಳಾದು ಬ್ಯಾಡ. ಮನ್ಯಾಗ ಹೇಳೀರೇನು?"

ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ. ಲೇತು ನಡೆಸುವವನು ಲೇತು ನಡೆಸಲಿ, ನನ್ನ ಮನೆಯ ವಿಷಯ ಅವನಿಗ್ಯಾಕೆ ಅಂದುಕೊಂಡೆ. ಶಹಾಬಜಾರದ ಓಣಿ ಬರುವಷ್ಟರಲ್ಲಿ ಬೈಗುಳ ಮುಗಿದಿತ್ತು, ಅವನ ಪ್ರಶ್ನೆ ಮಾತ್ರ ಉಳಿದಿತ್ತು. ಗಾಡಿ ನಿಲ್ಲಿಸಿದೆ. ಮೂರು ವರ್ಷ ಗಾಡಿ ಬಿಚ್ಚಿದ ಹಟ ನನ್ನದಾದರೆ ಈಗ ಬಾಯಿ ಬಿಚ್ಚಲು ಯಾಕೆ ಆಗುವುದಿಲ್ಲ ಅಂತ ನನ್ನ ಮೇಲೆಯೇ ರೇಗಿ ಒಳಗೆ ಹೋದೆ.

ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಪುಂಡಿ ಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. "ಅವತ್ತ ಆಡು ಅಡ್ಡ ಬಂದಿರ್ಲಿಲ್ಲ. ಬ್ರೇಕಿನ ತಟ್ಟಿಗಿ ನಾ ಎಣ್ಣಿ ಹಚ್ಚಿದ್ದೆ."

"ಗೊತ್ತದ," ಅಂದಳು. ಕೈ ನಿಲ್ಲಿಸಲಿಲ್ಲ.

ಯಾವಾಗಿನಿಂದ ಅಂತ ಕೇಳಿದೆ. ಎಣ್ಣೆಯ ವಿಷಯ ನಾನು ಬಟ್ಟಲು ಒದ್ದ ದಿನ ಹೊಳೆಯಿತಂತೆ. ಆಡಿನ ವಿಷಯ ಬಿದ್ದ ದಿನವೇ ಗೊತ್ತಿತ್ತಂತೆ. ಅವಳೂ ನನ್ನ ಹೆಗಲ ಮೇಲಿಂದ ರಸ್ತೆ ನೋಡುತ್ತಿದ್ದಳು, ಆಡುಗಳು ದಾಟಿದ್ದನ್ನು ಕಂಡಿದ್ದಳು. ಹಾಗಾದರೆ ಇಷ್ಟು ದಿನ ಯಾಕೆ ಕೇಳಲಿಲ್ಲ ಅಂದೆ. ಆಗ ಅವಳು ಪಲ್ಯದ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ನಾ ಬಿದ್ದಿದ್ದಕ್ಕ ನಂಗ ಸಿಟ್ಟಿಲ್ಲ. ತಪ್ಪು ಯಾರಿಂದರ ಆಗ್ತದ. ಆ ಮನಷ್ಯಾ ಬಾಗಲ್ದಾಗ ನಿಂತು ಕೈ ಮುಗದ, ನೀವು ಇರ್ಲಿ ಬಿಡಪ್ಪ ಅಂದ್ರಿ. ಅದು ನಂಗ ನುಂಗಲಾಕ ಆಗ್ಲಿಲ್ಲ. ಗಾಡಿಗಿ ಅಂಜಿ ಬಸ್ಸಿಗಿ ಹೊಂಟಿಲ್ಲ ನಾ. ನಿಮ್ಮ ಬೆನ್ನು ನಂಬಿ ಹೆಂಗ ಒರಗಬೇಕು ತಿಳೀಲಿಲ್ಲ."

ಆಮೇಲೆ ಅವಳೇ, "ನಾನೂ ಬಾಯಿ ಮುಚ್ಚಿದ್ದೆ. ನಂದೂ ಪಾಲದ ಇದ್ರಾಗ," ಅಂದಳು. ಎದ್ದು ಕೈ ತೊಳೆದಳು, ಸೀರೆ ಸರಿ ಮಾಡಿಕೊಂಡಳು, ಚಪ್ಪಲಿ ಮೆಟ್ಟಿದಳು. "ನಡೀರಿ, ಅವರ ಮನಿಗಿ ಹೋಗೋಣ."

ಹೀಗೆ ಅವಳು ನನ್ನ ಗಾಡಿ ಹತ್ತಿದಳು. ಹೊಸ ಸೀಟಿನ ಬಗ್ಗೆ, ಒರಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಒರಗಿಗೆ ಒರಗಲೂ ಇಲ್ಲ, ನೆಟ್ಟಗೆ ಕೂತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಭಯ. ನಲವತ್ತರ ಮೇಲೆ ಓಡಿಸಲಿಲ್ಲ, ಆಡು ಕಂಡರೂ, ನಾಯಿ ಕಂಡರೂ, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕಂಡರೂ ಬ್ರೇಕು ಹಿಡಿದೆ. ಮುಕ್ಕಾಲು ಗಂಟೆಯ ದಾರಿ ಗಂಟೆಯ ಮೇಲಾಯಿತು.

ಅವರ ಮನೆ ನನಗೆ ಗೊತ್ತಿತ್ತು. ಕಮಲಾಪುರದ ಈಚೆಗೆ ರಸ್ತೆಯ ಎಡಕ್ಕೆ ನಾಲ್ಕಾರು ಮನೆಗಳಿವೆ, ಒಂದರ ಮೇಲೆ ಬೌದ್ಧರ ಪಂಚಶೀಲದ ಬಾವುಟ. ದಿನಾ ಎರಡು ಸಲ ಅದನ್ನು ದಾಟುತ್ತಿದ್ದೆ, ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ಗುರುತು ಹಿಡಿದು ಎದ್ದ, ಒಳಗಿಂದ ಖುರ್ಚಿ ತಂದು ಒರೆಸಿದ, ನನ್ನ ಹೆಂಡತಿಯ ಹೆಗಲು ಹೇಗಿದೆ ಅಂತ ಕೇಳಿದ. ನಾನು ಕೂಡಲಿಲ್ಲ. ಎಣ್ಣೆಯ ವಿಷಯ, ಬ್ರೇಕಿನ ವಿಷಯ, ಆಡುಗಳು ಮೊದಲೇ ದಾಟಿದ್ದ ವಿಷಯ, ಎಲ್ಲವನ್ನೂ ಹೇಳಿದೆ. ನಾನು ಅಂದು ಅಂದದ್ದು ಸುಳ್ಳು ಅಂದೆ.

ಅವನು ನೆಲ ನೋಡುತ್ತ ಕೇಳಿದ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಚೆನ್ನಾಗಿತ್ತು. ಮೂರು ವರ್ಷದಿಂದ ಆಡುಗಳನ್ನು ರಸ್ತೆಯ ಕಡೆ ಬಿಟ್ಟಿಲ್ಲ, ಹಿಂದಿನ ಕಲ್ಲಿನ ಖಣಿ ಸುತ್ತಿ ಒಯ್ಯುತ್ತೇನೆ, ಬಹಳ ದೂರ ಆಗುತ್ತದೆ ಅಂತ ಮಾತ್ರ ಹೇಳಿದ. ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವನು ಅವಳನ್ನು ತೋರಿಸಿದ.

"ಇಕಿ ಅವತ್ತೇ ಹೇಳ್ಯಾಳ್ರಿ, ನಮ್ಮ ಆಡು ದಾಟ್ಯಾವ ಅಂತ. ಮಾಸ್ತರ ಮಂದಿ ಸುಳ್ಳ್ಯಾಕ ಹೇಳ್ತಾರ, ನಿಂಗೇನ್ ಕಾಣ್ತದ ಅಂತ ನಾನೇ ಬೈದು ಬಾಯಿ ಮುಚ್ಚಿಸ್ದೆ. ಮೂರು ವರ್ಷ ಇಕಿ ಮಾತು ನಾ ನಂಬಿಲ್ಲ."

ಆಮೇಲೆ ಅವನು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ. ನಮ್ಮಿಬ್ಬರ ಮುಂದೆಯೇ ಹೆಂಡತಿಗೆ ಕೈ ಮುಗಿದು, ತಪ್ಪಾಯ್ತು ಅಂದ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ನಡೆದದ್ದೆಲ್ಲ ಹೇಳಿದ್ದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದ್ದೆ, ಈಗ ಈ ಅಂಗಳದಲ್ಲಿ ಹೇಳಿದ್ದೆ. ತಪ್ಪಾಯ್ತು ಅನ್ನುವ ಆ ಒಂದು ಮಾತನ್ನು ಮಾತ್ರ ಯಾರಿಗೂ ಅಂದಿರಲಿಲ್ಲ. ಆ ಮನುಷ್ಯನಿಗೆ ಅಂದೆ, ಆಮೇಲೆ ಬಾಗಿಲಲ್ಲಿದ್ದ ಆಕೆಗೆ ಅಂದೆ. ನನ್ನ ಹೆಂಡತಿ ಗಾಡಿಯ ಪಕ್ಕ ನಿಂತಿದ್ದಳು. ಅವಳ ಹತ್ತಿರ ಹೋಗಿ ಅವಳಿಗೂ ಅಂದೆ.